ಎಸ್ಟೇಟ್ ಸನ್ನೆ

ಕಿವುಡರ ಮಾತನ್ನು ಉಳಿದವರಿಗೂ, ಉಳಿದವರ ಮಾತನ್ನು ಕಿವುಡರಿಗೂ ದಾಟಿಸುವ ದುಭಾಷಿಗಳ ರಾಜ್ಯ ಸಮ್ಮೇಳನಕ್ಕೆ ಕಿವುಡರನ್ನು ಬಿಟ್ಟು ಎಲ್ಲರೂ ಬಂದಿದ್ದರು. ಬೆಂಗಳೂರಿನವರು ಬಂದಿದ್ದರು, ಹುಬ್ಬಳ್ಳಿಯವರು ಬಂದಿದ್ದರು. ಸನ್ನೆಗೂ ತಮಗೂ ಸಂಬಂಧವೇ ಇಲ್ಲದಿದ್ದರೂ ಅತ್ತಿಗುಂಡಿಯ ರೆಸಾರ್ಟಿನಲ್ಲಿ ಎರಡು ದಿನ ಊಟ ವಸತಿ ಎಂದ ಕೂಡಲೇ ಸಂಬಂಧ ಹಚ್ಚಿಕೊಂಡವರೂ ಬಂದಿದ್ದರು. ಬಾಗಿಲಲ್ಲೇ ಒಬ್ಬೊಬ್ಬರಿಗೂ ಒಂದು ಬಟ್ಟೆಯ ಚೀಲ. ಚೀಲದ ಮೇಲೆ ಮೇಲಕ್ಕೆತ್ತಿದ ಎರಡು ಕೈಗಳ ಲಾಂಛನ. ಅದನ್ನು ಯಾರೋ ಕಂಪ್ಯೂಟರಿಗೆ ಹೇಳಿ ಬರೆಸಿದ್ದರು. ಬಲಗೈಗೆ ಆರು ಬೆರಳು ಬಂದಿದ್ದವು. ಬೆಳಗಾದರೆ ಕೈಗಳನ್ನೇ ನೋಡುತ್ತ ಹೊಟ್ಟೆ ಹೊರೆಯುವ ಇನ್ನೂರು ಜನ ಆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದರು.

ಸ್ವಾತಿ ಬೆರಳು ಎಣಿಸಿದಳು. ಎಣಿಸಿ ಸುಮ್ಮನಿದ್ದಳು. ಅವಳಿಗೆ ಇಲ್ಲಿ ಒಂದು ಕೆಲಸ ಆಗಬೇಕಿತ್ತು, ಕೆಲಸ ಆಗಬೇಕಾದವರು ಬೆರಳು ಎಣಿಸಿ ತೋರಿಸಬಾರದು ಎಂಬಷ್ಟು ಬುದ್ಧಿ ಅವಳಿಗಿತ್ತು. ಜೊತೆಗೆ ತಾಯಿ ಮುತ್ತಮ್ಮನನ್ನೂ ಕರೆತಂದಿದ್ದಳು. ಕಾಫಿ ಬಟ್ಟಲು ಜೋಡಿಸಿದ್ದ ಮೇಜಿನ ಪಕ್ಕ, ತಲೆಗೆ ಸ್ಕಾರ್ಫ್ ಸುತ್ತಿ, ಸೀರೆಯ ಮೇಲೆ ಸ್ವೆಟರ್ ಹಾಕಿ ಮುತ್ತಮ್ಮ ಕೂತಿದ್ದಳು. ಇಲ್ಲಿಂದ ಇಳಿದು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗುವುದೆಂದು ಇಬ್ಬರೂ ಒಟ್ಟಿಗೇ ಹೊರಟಿದ್ದರು.

ಆಗಬೇಕಾದ ಕೆಲಸ ಇಷ್ಟೇ. ಮುತ್ತಮ್ಮ ಹುಟ್ಟಾ ಕಿವುಡಿ. ಅವಳ ತಮ್ಮಂದಿರಿಬ್ಬರೂ ಹಾಗೇ. ಜಾವಳಿ ಹತ್ತಿರದ ಎಸ್ಟೇಟಿನ ಲೈನ್‌ಮನೆಗಳಲ್ಲಿ ಈ ಮೂವರಿಂದಾಗಿ ಮೇಸ್ತ್ರಿಯಿಂದ ಹಿಡಿದು ನಾಯಿಗೆ ಅನ್ನ ಹಾಕುವ ಮುದುಕಿಯವರೆಗೆ ಎಲ್ಲರಿಗೂ ಸನ್ನೆ ಬರುತ್ತಿತ್ತು. ಸ್ವಾತಿ ಬಾಯಲ್ಲಿ ಮಾತಾಡುವ ಮೊದಲೇ ಕೈಯಲ್ಲಿ ಮಾತಾಡಿದವಳು. ಈಗ ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣಿನಲ್ಲಿ ಬೆಳಕು ಮಾತ್ರ ಕಾಣುತ್ತಿತ್ತು, ಬಲಗಣ್ಣು ಅದರ ಹಿಂದೆಯೇ ಹೊರಟಿತ್ತು. ಉಳಿದವರಿಗೆ ಕಣ್ಣು ಹೋದರೆ ಕಿವಿಯಿರುತ್ತದೆ. ಮುತ್ತಮ್ಮನಿಗೆ ಕಣ್ಣು ಹೋದರೆ ಊರಿಗೆ ಊರೇ ಮಾತು ನಿಲ್ಲಿಸಿದ ಹಾಗೆ.

ಹೋದ ತಿಂಗಳು ಒಮ್ಮೆ ಆಪರೇಷನ್ ಥಿಯೇಟರಿನ ಒಳಗೆ ಕರೆದುಕೊಂಡು ಹೋಗಿದ್ದರು. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದ ಕೂಡಲೇ ಮುತ್ತಮ್ಮನಿಗೆ ಯಾರ ಕೈಯೂ ಕಾಣಲಿಲ್ಲ, ಯಾರು ಎಲ್ಲಿ ಏನು ಮಾಡುತ್ತಾರೆಂದು ತಿಳಿಯಲಿಲ್ಲ. ಎದ್ದು ಕೂತಳು. ಸಾಮಾನಿನ ಟ್ರೇ ನೆಲಕ್ಕೆ ಬಿತ್ತು. ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. "ಅವರ ಭಾಷೆ ಗೊತ್ತಿರೋರು ಪಕ್ಕದಲ್ಲಿ ಇರ್ಬೇಕಮ್ಮ. ಆದ್ರೆ ಮನೆಯೋರನ್ನ ಒಳಗೆ ಬಿಡಲ್ಲ ಇಲ್ಲಿ. ನೋಂದಾಯಿತ ದುಭಾಷಿ ಅಂತ ಕಾರ್ಡ್ ಇದ್ರೆ ಬಿಡ್ತಾರೆ. ಗುರುವಾರಕ್ಕೆ ಬರ್ಕೊಂಡಿದೀನಿ, ಅಷ್ಟರೊಳಗೆ ನೋಡಿ" ಎಂದರು. ಆ ಕಾರ್ಡನ್ನು ಕೊಡುವುದು ದುಭಾಷಿಗಳ ಸಂಘ. ಸಂಘ ವರ್ಷಕ್ಕೊಮ್ಮೆ, ಸಮ್ಮೇಳನದ ಬೆಳಿಗ್ಗೆ ಪರೀಕ್ಷೆ ಮಾಡುತ್ತದೆ. ಇವತ್ತು ಸೋಮವಾರ. ಮೂಡಿಗೆರೆಯ ಜೆರಾಕ್ಸ್ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಕತ್ತಲಿರುವಾಗಲೇ ಬಸ್ಸು ಹತ್ತಿ ಸ್ವಾತಿ ಬಂದದ್ದು ಇದಕ್ಕೆ.

ಪರೀಕ್ಷೆಗೆ ಕೂತಿದ್ದವರು ಮೂವರು. ನಡುವಿನವರು ಸಂಘದ ಅಧ್ಯಕ್ಷರು, ಡಾ. ಧರ್ಮೇಶ್. ಆ 'ಡಾ.' ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದವರು ಸಂಘದಲ್ಲಿ ಉಳಿಯುತ್ತಿರಲಿಲ್ಲ. ಅವರ ಎದೆಯ ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ಒಂದು ಪುಟ್ಟ ಚಿತ್ರವಿತ್ತು: ಬೆಟ್ಟದ ಹಿಂದಿನಿಂದ ಮೂಡುವ ಸೂರ್ಯನನ್ನು ತೋರಿಸುವ ಕೈ. ಅದು ಅವರ ಸನ್ನೆಹೆಸರು.

ಇಲ್ಲಿ ಒಂದು ಮಾತು ಹೇಳಬೇಕು. ಸನ್ನೆಹೆಸರು ಅಂಗಡಿಯಲ್ಲಿ ಸಿಗುವುದಿಲ್ಲ, ತನಗೆ ತಾನೇ ಇಟ್ಟುಕೊಳ್ಳುವುದಕ್ಕೂ ಬರುವುದಿಲ್ಲ. ಕಿವುಡರೇ ಇಡಬೇಕು. ಅವರು ನಿಮ್ಮನ್ನು ನೋಡುತ್ತಾರೆ, ನಿಮ್ಮ ಮಚ್ಚೆಯೋ ನಡಿಗೆಯೋ ಚಾಳಿಯೋ ಅವರ ಕಣ್ಣಿಗೆ ಬೀಳುತ್ತದೆ, ಅದೇ ನಿಮ್ಮ ಹೆಸರು. ಒಮ್ಮೆ ಇಟ್ಟರೆ ಇಟ್ಟಹಾಗೆ, ಸಾಯುವತನಕ ಹೊತ್ತುಕೊಂಡೇ ತಿರುಗಬೇಕು. ಸ್ವಾತಿಯ ಹೆಸರು ಕಿವಿ ಜಗ್ಗುವುದು. ಹಾಲು ಕುಡಿಯುವ ಮಗುವಾಗಿದ್ದಾಗ ಅವಳು ಅಮ್ಮನ ಕಿವಿ ಹಿಡಿದು ಜಗ್ಗುತ್ತಿದ್ದಳಂತೆ. ಧರ್ಮೇಶರಿಗೆ ಮಾತ್ರ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ, ಸರ್ವಾನುಮತದಿಂದ, ಉದಯಸೂರ್ಯನೆಂದು ನಾಮಕರಣವಾಗಿತ್ತು. ಸೂಚಿಸಿದವರು ಅವರೇ.

"ಕಾಫಿ, ತೋರಿಸಿ" ಎಂದರು ಉದಯಸೂರ್ಯರು.

ಸ್ವಾತಿ ಎಡಗೈಯನ್ನು ರೆಂಬೆಯ ಹಾಗೆ ಮುಂದೆ ಚಾಚಿ, ಬಲಗೈ ಬೆರಳುಗಳನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಸರ್ರನೆ ಎಳೆದು, ಸೊಂಟದ ಚೀಲಕ್ಕೆ ಹಣ್ಣು ಸುರಿದಳು.

ಮೂವರೂ ಮುಖ ಮುಖ ನೋಡಿಕೊಂಡರು. "ಇದು ಯಾವ ಭಾಷೆ?"

"ಕಾಫಿ ಸರ್."

"ಕಾಫಿ ಅಂದರೆ ಕಪ್ಪು, ಚಮಚ, ತಿರುಗಿಸುವುದು. ಕೈಪಿಡಿಯ ನಲವತ್ತೊಂದನೇ ಪುಟದಲ್ಲಿದೆ."

"ಅದು ಕುಡಿಯೋ ಕಾಫಿ ಸರ್. ನಮ್ ಕಡೆ ಕೊಯ್ಯೋ ಕಾಫಿಯೇ ಜಾಸ್ತಿ."

"ಇದು ಎಸ್ಟೇಟ್ ಸನ್ನೆ" ಎಂದು ಧರ್ಮೇಶ್ ಮೂಗು ಮುರಿದು ಕಾಗದದ ಮೇಲೆ ತಪ್ಪು ಹಾಕಿದರು. ಅವರ ಬೆನ್ನಿನ ಹಿಂದಿನ ಕಿಟಕಿಯ ತುಂಬ ಕಾಫಿ ಗಿಡಗಳು ಹಣ್ಣು ಹೊತ್ತು ನಿಂತಿದ್ದವು. ಅವುಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಕೊನೆಯದು ನೀತಿಸಂಹಿತೆಯ ಪ್ರಶ್ನೆ. ವೇದಿಕೆಯ ಮೇಲಿರುವ ಇನ್ನೊಬ್ಬ ದುಭಾಷಿ ತಪ್ಪು ಹೇಳುತ್ತಿದ್ದರೆ ನೀವೇನು ಮಾಡುತ್ತೀರಿ?

"ಎದ್ದು ನಿಂತು ಸರಿ ಯಾವ್ದು ಅಂತ ಹೇಳ್ತೀನಿ ಸರ್."

"ಕಲಂ ಹದಿನಾಲ್ಕು. ಸಹೋದ್ಯೋಗಿಯನ್ನು ಸಾರ್ವಜನಿಕವಾಗಿ ತಿದ್ದತಕ್ಕದ್ದಲ್ಲ." ಇನ್ನೊಂದು ತಪ್ಪು. "ಪ್ರತಿಭೆ ಇದೆ ನಿಮ್ಮಲ್ಲಿ. ಮುಂದಿನ ವರ್ಷ ಬನ್ನಿ."

"ಸರ್, ಗುರುವಾರ ನಮ್ಮ ಅಮ್ಮಂದು ಕಣ್ಣಿನ ಆಪರೇಷನ್ನು."

"ಭಾವನೆಗಳನ್ನು ವೃತ್ತಿಯಲ್ಲಿ ಬೆರೆಸಬಾರದು. ಅದು ಕಲಂ ಒಂಬತ್ತು."

ಹೊರಗೆ ಬಂದ ಸ್ವಾತಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಬಂದದ್ದರಿಂದ ಅಳುವುದು ತಪ್ಪಿತು. ಅಮ್ಮನ ಮುಂದೆ ಕೂತು, ಅವಳಿಗೆ ಕಾಣುವಷ್ಟು ಹತ್ತಿರದಲ್ಲಿ ಕೈಯಾಡಿಸಿ ನಡೆದದ್ದನ್ನೆಲ್ಲ ಹೇಳಿದಳು. ಕಾಫಿ ತಪ್ಪಾಯಿತು ಎಂದಾಗ ಮುತ್ತಮ್ಮ ಮತ್ತೊಮ್ಮೆ ಹೇಳಿಸಿದಳು. ಪೊರೆಯಿಂದಾಗಿ ತಾನೇ ತಪ್ಪು ನೋಡಿದೆನೇನೋ ಎಂದುಕೊಂಡಿದ್ದಳು.

ಅಷ್ಟರಲ್ಲಿ ಸಭಾಂಗಣದಲ್ಲಿ ಗಡಿಬಿಡಿ ಶುರುವಾಯಿತು. ಉದ್ಘಾಟನೆಗೆ ಬರುತ್ತಿದ್ದ ಇಲಾಖೆಯ ಹಿರಿಯ ಅಧಿಕಾರಿ ಗಿರಿಜಾಂಬಾ ದಾರಿಯಿಂದಲೇ ಫೋನು ಮಾಡಿಸಿದ್ದರು: ಮೇಡಂ ಸಮ್ಮೇಳನಕ್ಕೆ ಬಂದಿರುವ ಕಿವುಡರ ಜೊತೆ ನಾಲ್ಕು ಮಾತಾಡಬೇಕಂತೆ. ಸಮಿತಿಯವರು ಪಟ್ಟಿ ತೆಗೆದು ನೋಡಿದರು. ನಾಲ್ಕು ಜನ ಕಿವುಡರು ಹೆಸರು ನೋಂದಾಯಿಸಿದ್ದರು. ತಮಗೆ ಅಲ್ಲಿ ದುಭಾಷಿಯ ವ್ಯವಸ್ಥೆ ಇರುತ್ತದೆಯೇ ಎಂದು ಮೇಲ್ ಮಾಡಿ ಕೇಳಿದ್ದರು. ಇನ್ನೂರು ದುಭಾಷಿಗಳು ಸೇರುವ ಗಲಾಟೆಯಲ್ಲಿ ಯಾರೂ ಉತ್ತರ ಬರೆದಿರಲಿಲ್ಲ.

ಕಾಫಿ ಮೇಜಿನ ಹತ್ತಿರ ಕೈಯಾಡಿಸುತ್ತಿದ್ದ ಮುತ್ತಮ್ಮ ಮೊದಲು ಕಂಡದ್ದು ಶಶಿಕಿರಣನಿಗೆ. ಆನ್‌ಲೈನ್ ಕೋರ್ಸಿನಲ್ಲಿ ಮೊದಲ ಸ್ಥಾನ ಬಂದು, ಈಗ ಸಂಘದ ಹಿರಿಯ ದುಭಾಷಿಯಾಗಿದ್ದ ತೆಳ್ಳನೆಯ ಹುಡುಗ, ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ. ಮೀಸೆ ಮಾತ್ರ ಪೊಗದಸ್ತಾಗಿತ್ತು. ಅವನು ಹೋಗಿ ಹೇಳಿದ, ಧರ್ಮೇಶರು ತಾವೇ ಓಡಿ ಬಂದರು.

"ತಾಯಿಯವರು ಮುಂದಿನ ಸಾಲಿಗೆ ಬರಲಿ. ಸನ್ಮಾನವನ್ನೂ ಇಟ್ಟುಕೊಳ್ಳೋಣ."

"ಕಾರ್ಡು ಸರ್?" ಎಂದಳು ಸ್ವಾತಿ.

"ನೋಡೋಣ, ಕಾರ್ಯಕ್ರಮ ಮುಗಿಯಲಿ."

ನೋಡೋಣ ಎಂಬುದರ ಅರ್ಥ ಗೊತ್ತಿಲ್ಲದಷ್ಟು ದಡ್ಡಿಯಲ್ಲ ಸ್ವಾತಿ. ಆದರೆ ಅಮ್ಮ ಆಗಲೇ ಎದ್ದು ಸ್ಕಾರ್ಫ್ ಸರಿಮಾಡಿಕೊಳ್ಳುತ್ತಿದ್ದಳು. ಹೋಗೋಣ ಎಂದು ಸನ್ನೆ ಮಾಡಿದಳು. ಕಾಫಿ ಗೊತ್ತಿಲ್ಲದವರು ಹೇಗಿರುತ್ತಾರೆಂದು ಹತ್ತಿರದಿಂದ ನೋಡಬೇಕಂತೆ.

ಉದ್ಘಾಟನೆಯಾಯಿತು. ಧರ್ಮೇಶರು 'ಶ್ರವಣಶಕ್ತಿಯ ಸವಾಲನ್ನು ಮೆಟ್ಟಿ ನಿಂತ ಚೇತನಗಳು' ಎಂದು ಮುಕ್ಕಾಲು ಗಂಟೆ ಮಾತಾಡಿದರು. ಕಿವುಡರು ಎಂಬ ಪದ ಒಮ್ಮೆಯೂ ಬಾಯಿಗೆ ಬರದಂತೆ ನೋಡಿಕೊಂಡರು. ಪಕ್ಕದಲ್ಲಿ ಶಶಿಕಿರಣನೂ ಇನ್ನೊಬ್ಬಳೂ ಇಪ್ಪತ್ತು ನಿಮಿಷಕ್ಕೊಮ್ಮೆ ಪಾಳಿ ಬದಲಿಸುತ್ತ ಸನ್ನೆ ಮಾಡಿದರು. ಇಡೀ ಸಭೆಯಲ್ಲಿ ಆ ಸನ್ನೆ ಬೇಕಾಗಿದ್ದವಳು ಮುತ್ತಮ್ಮ ಒಬ್ಬಳೇ. ಅವಳಿಗೆ ಹಿಂದಿನ ಎಲ್‌ಇಡಿ ಪರದೆಯ ಬೆಳಕು ಕಣ್ಣಿಗೆ ಹೊಡೆದು, ಯಾರೋ ಕೈ ಬೀಸುವುದು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅವರು ತಿರುಗಿದ್ದದ್ದೂ ಕ್ಯಾಮೆರಾದ ಕಡೆಗೆ. ಮಧ್ಯದಲ್ಲಿ ತೆರೆದ ಕಿಟಕಿಗಳಿಂದ ಮಂಜು ಒಳಗೆ ನುಗ್ಗಿ ವೇದಿಕೆಯೇ ಮರೆಯಾಯಿತು. ಮಂಜು ಹೋದ ಮೇಲೆ ನೋಡಿದರೆ ಶಶಿಕಿರಣ ಇನ್ನೂ ಕೈಯಾಡಿಸುತ್ತಲೇ ಇದ್ದ. ಅವನು ಎಂತ ಹಿಡೀತಿದಾನೆ, ಸೊಳ್ಳೆಯಾ, ಎಂದು ಮುತ್ತಮ್ಮ ಮಗಳ ಅಂಗೈಯಲ್ಲಿ ಬೆರಳಾಡಿಸಿ ಕೇಳಿದಳು. ಕಣ್ಣು ಮಸುಕಾದ ಮೇಲೆ ಇಬ್ಬರೂ ಹೀಗೂ ಮಾತಾಡುತ್ತಿದ್ದರು.

ಆಮೇಲೆ ಸನ್ಮಾನ. ಮುತ್ತಮ್ಮನನ್ನು ಮೇಲೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವಳ ಹೆಗಲ ಮೇಲೆ ಕೈಯಿಟ್ಟು ಒತ್ತಿಕೊಂಡು ನಿಂತು ಧರ್ಮೇಶರು ಹನ್ನೆರಡು ಫೋಟೊ ತೆಗೆಸಿಕೊಂಡರು. ಗಿರಿಜಾಂಬಾ ಮೈಕಿನಲ್ಲಿ, "ಅವರೂ ಎರಡು ಮಾತಾಡಲಿ, ಕೇಳೋಣ" ಎಂದರು. ಅವಳ ಮಾತಿಗೆ ದನಿ ಕೊಡಲು ಶಶಿಕಿರಣ ಮೈಕು ಹಿಡಿದ.

ಮುತ್ತಮ್ಮ ಬುಟ್ಟಿಯನ್ನು ಕೆಳಗಿಟ್ಟು ಕೈ ಎತ್ತಿದಳು. ನಲವತ್ತು ವರ್ಷದಿಂದ ಕಾಫಿ ಕೊಯ್ದಿದೀನಿ ಎಂದು ರೆಂಬೆಯಿಂದ ಹಣ್ಣನ್ನೆಳೆದು ಸೊಂಟಕ್ಕೆ ಸುರಿದಳು.

"ಸಂಘವು ಕೈಚಾಚಿ ನಮ್ಮನ್ನು ತನ್ನ ಮಡಿಲಿಗೆ ತೆಗೆದುಕೊಂಡಿದೆ" ಎಂದ ಶಶಿಕಿರಣ.

ನನ್ನ ಮಗಳಿಗೆ ಕಾಫಿ ಬರಲ್ಲ ಅಂದ್ರಂತೆ, ಗುರುವಾರ ನನ್ನ ಕಣ್ಣು ಕೊಯ್ತಾರೆ, ಅವಳಿಲ್ದೆ ನನಗೆ ಹೆದರಿಕೆ ಎಂದು ಮುತ್ತಮ್ಮ ಕಣ್ಣಿನ ಮೇಲೆ ಬೆರಳೆಳೆದಳು.

"ನನ್ನ ಕಣ್ಣಿನಲ್ಲಿ ಆನಂದಬಾಷ್ಪ ಸುರಿಯುತ್ತಿದೆ."

ಈ ಶಾಲು ನೀವೇ ಇಟ್ಕೊಳ್ಳಿ, ಅವಳಿಗೆ ಕಾರ್ಡು ಕೊಡಿ ಎಂದು ಮುತ್ತಮ್ಮ ಶಾಲು ತೆಗೆದು ಧರ್ಮೇಶರ ಕಡೆ ಚಾಚಿದಳು.

"ಈ ಗೌರವವನ್ನು ನಮ್ಮ ಅಧ್ಯಕ್ಷರಿಗೇ ಅರ್ಪಿಸುತ್ತೇನೆ."

ಇನ್ನೂರು ಜೊತೆ ಕೈಗಳು ಗಾಳಿಯಲ್ಲಿ ಅಲ್ಲಾಡಿದವು. ಕಿವುಡರ ಚಪ್ಪಾಳೆ ಹಾಗೆ. ಮುಂದಿನ ಸಾಲಿನಲ್ಲಿ ಸ್ವಾತಿಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಓದಿ ಹೇಳಿದ್ದ ಕಲಂ ಹದಿನಾಲ್ಕು ನೆನಪಿಗೆ ಬಂತು. ಈಗ ಎದ್ದರೆ ಮುಂದಿನ ವರ್ಷದ ಕಾರ್ಡಿಗೂ ಕಲ್ಲು ಬಿತ್ತು ಎಂದೂ ಗೊತ್ತಿತ್ತು. ಎದ್ದಳು.

"ಅಮ್ಮ ಹಂಗೆ ಹೇಳ್ಲಿಲ್ಲ ಮೇಡಂ" ಎಂದಳು. ಹೇಳಿದ್ದೇನೆಂದು ಒಂದೊಂದಾಗಿ, ಕಾಫಿ, ಕಣ್ಣು, ಹೆದರಿಕೆ, ಕಾರ್ಡು, ಎಲ್ಲವನ್ನೂ ಹೇಳಿದಳು. ಒಂದು ಮಾತೂ ತಪ್ಪಲಿಲ್ಲ.

ಗಿರಿಜಾಂಬಾ ಶಶಿಕಿರಣನ ಕಡೆ ತಿರುಗಿ, "ಯಾವುದು ಸರಿ?" ಎಂದರು. ಅವನು ಧರ್ಮೇಶರ ಮುಖ ನೋಡಿದ.

ಧರ್ಮೇಶರು ಮೈಕನ್ನು ನಯವಾಗಿ ತಮ್ಮ ಕೈಗೆ ತೆಗೆದುಕೊಂಡರು. "ಎರಡೂ ಸರಿ ಮೇಡಂ. ಪ್ರಾದೇಶಿಕ ವ್ಯತ್ಯಾಸ. ಆದರೆ ಈ ತಾಯಿಯ ಕಣ್ಣು ನಮ್ಮ ಸಂಘದ ಕಣ್ಣು. ಗುರುವಾರ ಆಪರೇಷನ್ ಥಿಯೇಟರಿನಲ್ಲಿ ಇವರ ಪಕ್ಕ ನಿಲ್ಲಲು ನಮ್ಮ ಹಿರಿಯ ನೋಂದಾಯಿತ ದುಭಾಷಿ ಶಶಿಕಿರಣ್ ಅವರನ್ನೇ ಉಚಿತವಾಗಿ ಕಳಿಸುತ್ತೇವೆ ಎಂದು ಈ ವೇದಿಕೆಯಿಂದ ಘೋಷಿಸುತ್ತೇನೆ." ಮತ್ತೆ ಇನ್ನೂರು ಜೊತೆ ಕೈಗಳು ಎದ್ದವು. ಗಿರಿಜಾಂಬಾರಿಗೆ ಇನ್ನೊಂದು ಕಾರ್ಯಕ್ರಮಕ್ಕೆ ಹೊತ್ತಾಗಿತ್ತು. ಸಮಾಧಾನದಿಂದ ತಲೆಯಾಡಿಸಿದರು. ಅಮ್ಮನ ಮಾತನ್ನು ಇಷ್ಟು ಸಲೀಸಾಗಿ ನುಂಗಬಹುದೆಂದು ಸ್ವಾತಿ ಎಣಿಸಿರಲಿಲ್ಲ. ಮೇಲೆ ಹತ್ತಿ ಹೋಗಿ ಅಮ್ಮನ ಅಂಗೈಯಲ್ಲಿ ಎಲ್ಲವನ್ನೂ ಹೇಳಿದಳು.

ಮುತ್ತಮ್ಮ ಶಾಲನ್ನು ಹಣ್ಣಿನ ಬುಟ್ಟಿಯ ಮೇಲೆ ಹಾಕಿದಳು. ಆಮೇಲೆ ಧರ್ಮೇಶರ ಕಡೆ ಬೆರಳು ತೋರಿಸಿ, ಇವರಿಗೆ ಹೆಸರಿಡ್ತೀನಿ ಎಂದು ಸಭೆಗೆ ಸನ್ನೆ ಮಾಡಿದಳು, ಸ್ವಾತಿ ಅದಕ್ಕೆ ದನಿ ಕೊಟ್ಟಳು. ಸಭೆ ನೆಟ್ಟಗೆ ಕೂತಿತು. ಕಿವುಡರ ಕೈಯಿಂದ ಹೆಸರು ಪಡೆಯುವುದೆಂದರೆ ಸಾಮಾನ್ಯವಲ್ಲ. ಧರ್ಮೇಶರು ನಗುನಗುತ್ತ ಮುಂದೆ ಬಂದರು. ಪೊರೆಗಣ್ಣಿನ ಮುತ್ತಮ್ಮನಿಗೆ ಅವರ ಮುಖ ಕಂಡಿರಲಿಲ್ಲ. ಆದರೆ ಹನ್ನೆರಡು ಫೋಟೊ ಮುಗಿಯುವವರೆಗೆ ಅವರನ್ನೊತ್ತಿ ನಿಂತಿದ್ದಳು. ಕ್ಯಾಮೆರಾ ಮೇಲೆದ್ದಾಗಲೆಲ್ಲ ಅವರ ಹೊಟ್ಟೆ ಒಳಗೆ ಹೋಗುವುದು, ಇಳಿದ ಕೂಡಲೇ ಹೊರಗೆ ಬರುವುದು ಅವಳ ತೋಳಿಗೆ ಹನ್ನೆರಡು ಸಲವೂ ತಿಳಿದಿತ್ತು. ಅಂಗೈಯನ್ನು ಹೊಟ್ಟೆಯ ಮುಂದೆ ಹಿಡಿದು, ಒಳಗೆಳೆದು, ಕೆನ್ನೆ ಬಿಗಿದು, ಆಮೇಲೆ ಉಫ್ ಎಂದು ಬಿಟ್ಟಳು. ಅಷ್ಟೇ.

ಮೊದಲು ನಕ್ಕವರು ಹಿಂದಿನ ಸಾಲಿನವರು. ಅಲ್ಲಿ ಸ್ವಾತಿಯ ಹಾಗೆ ಕಿವುಡ ಅಪ್ಪ ಅಮ್ಮಂದಿರ ಮಕ್ಕಳು ನಾಲ್ಕಾರು ಜನ ಕೂತಿದ್ದರು. ಊಟದ ಹೊತ್ತಿಗೆ ಇಡೀ ಸಮ್ಮೇಳನ ಅಧ್ಯಕ್ಷರನ್ನು ಅದೇ ಹೆಸರಿನಿಂದ ಕರೆಯುತ್ತಿತ್ತು, ಅವರ ಬೆನ್ನ ಹಿಂದೆ.

ಗುರುವಾರ ಬೆಳಿಗ್ಗೆ ಶಶಿಕಿರಣ ಆಸ್ಪತ್ರೆಗೆ ಎಲ್ಲರಿಗಿಂತ ಮೊದಲೇ ಬಂದಿದ್ದ. ಕೊರಳಲ್ಲಿ ಕಾರ್ಡು. ಸ್ವಾತಿ ಅವನ ಕಡೆ ನೋಡಲಿಲ್ಲ. ಅವನೇ ಬಂದು ಬೆಂಚಿನ ತುದಿಯಲ್ಲಿ ಕೂತ.

"ಅಕ್ಕ, ಅವತ್ತು ಅಮ್ಮ ಹೇಳಿದ್ದು ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ."

"ಅರ್ಥ ಆಗ್ಲಿಲ್ಲ ಅಂತ ಹೇಳ್ಬೇಕಿತ್ತು ಮಾರಾಯ. ಅದ್ಕೆ ಎಂತ ಕಷ್ಟ?"

"ಎಲ್ಲಾ ಕಲಿಸಿದ್ರು ಅಕ್ಕ. ಅದೊಂದು ಕಲಿಸ್ಲಿಲ್ಲ."

ಸ್ಟ್ರೆಚರಿನ ಮೇಲೆ ಮುತ್ತಮ್ಮನನ್ನು ಕರೆತಂದರು. ನನ್ನ ಜೊತೆ ಯಾರು ಎಂದು ಅವಳು ಕೇಳಿದಳು. ಸ್ವಾತಿ ಶಶಿಕಿರಣನ ಕೈಯನ್ನು ತೆಗೆದು ಅಮ್ಮನ ಕೈಯಲ್ಲಿಟ್ಟಳು. ಮುತ್ತಮ್ಮ ಅವನ ಅಂಗೈಯಲ್ಲಿ ಏನೋ ಹೇಳಿದಳು. ಅವನು ಸ್ವಾತಿಯ ಕಡೆ ತಿರುಗಿದ. ಮತ್ತೊಮ್ಮೆ ಹೇಳಿದಳು. ಆಮೇಲೆ ಅವನ ಕೈಯನ್ನು ಬಿಟ್ಟು ಎರಡೂ ಕೈಯಿಂದ ಸ್ಟ್ರೆಚರಿನ ಕಂಬಿ ಹಿಡಿದುಕೊಂಡಳು. ಹೋದ ತಿಂಗಳು ಥಿಯೇಟರಿನಲ್ಲಿ ಎದ್ದು ಕೂರುವ ಮೊದಲೂ ಹಾಗೇ ಹಿಡಿದಿದ್ದಳು.

"ಎಂತ ಕೇಳಿದ್ರು ಅಕ್ಕ?"

"ನಿಂಗೂ ಹೆದರಿಕೆಯಾ ಅಂತ ಕೇಳ್ತಿದಾಳೆ."

ಥಿಯೇಟರಿನ ಬಾಗಿಲು ತೆರೆದು ನರ್ಸು ಹೊರಗೆ ಬಂದಳು. "ಕಾರ್ಡ್ ಇರೋರು ಯಾರು, ಬೇಗ."

ಶಶಿಕಿರಣ ಎದ್ದ. ಕೊರಳಿನಿಂದ ಕಾರ್ಡು ತೆಗೆದು ಸ್ವಾತಿಯ ಕೊರಳಿಗೆ ಹಾಕಿ, "ಇವ್ರೇ" ಎಂದ. ಮೀಸೆ ಹೊತ್ತ ಫೋಟೊವನ್ನು ನರ್ಸು ನೋಡಿದಳು, ಸ್ವಾತಿಯ ಮುಖವನ್ನೂ ನೋಡಿದಳು. ಹೋದ ತಿಂಗಳು ಟ್ರೇ ಬಿದ್ದಾಗ ಸಾಮಾನು ಆರಿಸಿದವಳು ಅವಳೇ. ಕಾರ್ಡನ್ನು ಮೆಲ್ಲಗೆ ಮಗುಚಿ ಹಾಕಿ, "ಕ್ಯಾಪು, ಮಾಸ್ಕು ಹಾಕ್ಕೊಂಡು ಒಳಗೆ ಬನ್ನಿ ಶಶಿಕಿರಣ್ ಅವ್ರೆ" ಎಂದಳು.

ಒಳಗೆ ಮತ್ತೆ ಅದೇ ಹಸಿರು ಬಟ್ಟೆ. ಮುತ್ತಮ್ಮನ ಮುಖ ಮುಚ್ಚಿದ ಕೂಡಲೇ ಅವಳ ಕಾಲು ಬಿಗಿಯಾಯಿತು. ಸ್ವಾತಿ ಬಟ್ಟೆಯ ಹೊರಗಿದ್ದ ಕೈಯನ್ನು ಹಿಡಿದು, ಅವಳ ಬೆರಳಿಂದಲೇ ತನ್ನ ಕಿವಿಯನ್ನು ಜಗ್ಗಿಸಿದಳು. ಕಾಲು ಸಡಿಲವಾಯಿತು.

"ಅಲ್ಲಾಡ್ಬಾರ್ದು ಅನ್ನಿ. ಕಾಲು ಗಂಟೆ" ಎಂದರು ಡಾಕ್ಟರು.

ಅಲ್ಲಾಡಬೇಡ ಎಂದು ಸ್ವಾತಿ ಅಂಗೈಯಲ್ಲಿ ಹೇಳಿದಳು. ಎಷ್ಟು ಹೊತ್ತು ಎಂದು ಅಮ್ಮನ ಬೆರಳು ಕೇಳಿತು. ಗಡಿಯಾರ ನೋಡಿ ಕೆಲಸ ಮಾಡಿದವಳಲ್ಲ ಮುತ್ತಮ್ಮ, ನಿಮಿಷವೆಂದರೆ ಅವಳಿಗೆ ಏನೂ ಅಲ್ಲ. ಸ್ವಾತಿ ಒಂದು ಗಳಿಗೆ ಯೋಚಿಸಿದಳು. ಅಮ್ಮನ ಮುಂಗೈಯನ್ನೇ ರೆಂಬೆ ಮಾಡಿಕೊಂಡು, ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳುಗಳನ್ನು ಎಳೆದು ಹಣ್ಣು ಬಿಡಿಸಿದಳು. ಒಂದು ರೆಂಬೆ, ಇನ್ನೊಂದು ರೆಂಬೆ, ಬುಡದ ರೆಂಬೆ. ಒಂದು ಗಿಡ ಆಯಿತು ಎಂದು ಅಂಗೈಯಲ್ಲಿ ತಟ್ಟಿದಳು. ಮುತ್ತಮ್ಮನ ಉಸಿರು ನಿಧಾನವಾಯಿತು. ನಲವತ್ತು ವರ್ಷದ ಅಭ್ಯಾಸದಲ್ಲಿ ಅವಳು ಮುಂದಿನ ಗಿಡಕ್ಕೆ ದಾಟಿದಳು. ಕೈಪಿಡಿಯ ನಲವತ್ತೊಂದನೇ ಪುಟದ ಕಪ್ಪಿನಿಂದಲೂ ಚಮಚದಿಂದಲೂ ಆಗದ ಕೆಲಸ ಅಲ್ಲಿ ನಡೆಯಿತು. ಹನ್ನೊಂದನೇ ಗಿಡದ ಅರ್ಧಕ್ಕೆ ಬಂದಾಗ ಡಾಕ್ಟರು "ಆಯ್ತು" ಎಂದರು. ಪೂರ್ತಿ ಕೊಯ್ಯದೆ ಬಿಡುವುದು ಬೇಡವೆಂದು ಸ್ವಾತಿ ಉಳಿದರ್ಧವನ್ನೂ ಮುಗಿಸಿದಳು.

ಮಾರನೆಯ ದಿನ ಕಣ್ಣಿನ ಪಟ್ಟಿ ಬಿಚ್ಚಿದರು. ಮುತ್ತಮ್ಮ ಮೊದಲು ಮಗಳ ಮುಖವನ್ನು ಬಹಳ ಹೊತ್ತು ನೋಡಿ, ಕಿವಿ ಜಗ್ಗಿ, ಸೊರಗಿದೀಯ ಎಂದು ಬೈದಳು. ಸ್ವಾತಿ ಆಗ ಅತ್ತಳು. ಪಕ್ಕದ ಹಾಸಿಗೆಯವರ ಪತ್ರಿಕೆಯ ಮೂರನೇ ಪುಟದಲ್ಲಿ ಸಮ್ಮೇಳನದ ಸುದ್ದಿಯಿತ್ತು. ಸಂಘದ ನೋಂದಾಯಿತ ದುಭಾಷಿಯ ಶಾಸ್ತ್ರೋಕ್ತ ಸಂಜ್ಞೆಗಳ ನೆರವಿನಿಂದ ಬಡ ಮಹಿಳೆಯ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂದೂ, ಅಂಥ ಕಾರ್ಡುಗಳನ್ನು ಕೊಡುವಲ್ಲಿ ಇನ್ನು ಮುಂದೆ ಮತ್ತಷ್ಟು ಬಿಗಿ ಮಾಡಲಾಗುವುದೆಂದೂ ಅಧ್ಯಕ್ಷರು ತಿಳಿಸಿದ್ದರು. ಜೊತೆಗೆ ಒಂದು ಫೋಟೊ. ಮುತ್ತಮ್ಮನ ಹೆಗಲ ಮೇಲೆ ಕೈಯಿಟ್ಟು ನಿಂತವರನ್ನು ಅವಳು ಈಗಷ್ಟೇ ಸರಿಯಾಗಿ ನೋಡುತ್ತಿದ್ದಳು. ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಕೋಟಿನ ಗುಂಡಿಯ ಹತ್ತಿರ ಬೆರಳಿಟ್ಟು ಮಗಳಿಗೆ ತೋರಿಸಿದಳು. ಹೊಟ್ಟೆ ಒಳಗೇ ಇತ್ತು.